ಕೊಟ್ಟ ಹಣಕ್ಕೆ ಲೆಕ್ಕ ಕೇಳುವ ದಿನ ಯಾವುದು?

ಬಜೆಟ್ ಮಂಡನೆಯ ದಿನ ಯಾವುದೆಂದು ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಬೆಳಿಗ್ಗೆಯಿಂದಲೇ ಟಿ.ವಿ. ಚಾನೆಲ್‌ಗಳಲ್ಲಿ ಚರ್ಚೆ ಶುರುವಾಗುತ್ತದೆ, ಮರುದಿನದ ಪತ್ರಿಕೆಗಳ ತುಂಬ ಕೋಷ್ಟಕಗಳು. ನಮ್ಮ ಜಿಲ್ಲೆಗೆ ಏನು ಸಿಕ್ಕಿತು, ಯಾವ ಏತ ನೀರಾವರಿಗೆ ಎಷ್ಟು, ಯಾವುದರ ಮೇಲೆ ತೆರಿಗೆ ಏರಿತು ಎಂದು ಹಳ್ಳಿಯ ಚಹಾದಂಗಡಿಯಲ್ಲೂ ಮಾತು. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ ಅವರ 16ನೇ ಬಜೆಟ್‌ನ ಗಾತ್ರ 4,09,549 ಕೋಟಿ ರೂಪಾಯಿ. ರಾಜ್ಯದ ಜನಸಂಖ್ಯೆ ಏಳು ಕೋಟಿ ಎಂದು ಹಿಡಿದರೆ ತಲೆಗೆ 58 ಸಾವಿರ ರೂಪಾಯಿ ದಾಟುತ್ತದೆ. ಐದು ಜನರಿರುವ ಒಂದು ಮನೆಯ ಪಾಲಿಗೆ ವರ್ಷಕ್ಕೆ ಹೆಚ್ಚುಕಡಿಮೆ ಮೂರು ಲಕ್ಷ ರೂಪಾಯಿಯನ್ನು ಸರ್ಕಾರ ಖರ್ಚು ಮಾಡುತ್ತದೆ ಎಂದಾಯಿತು.

ಹಾಗಾದರೆ, ಹಿಂದಿನ ವರ್ಷ ಕೊಟ್ಟ ಹಣದಿಂದ ಏನಾಯಿತು ಎಂದು ಒಂದೊಂದು ಇಲಾಖೆಯೂ ಲೆಕ್ಕ ಒಪ್ಪಿಸುವ ದಿನ ಯಾವುದು? ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಬಲ್ಲವರು ಕಡಿಮೆ. ಲೆಕ್ಕ ಒಪ್ಪಿಸುವ ವ್ಯವಸ್ಥೆಯೇ ಇಲ್ಲವೆಂದು ಇದರ ಅರ್ಥವಲ್ಲ. ಇಲಾಖೆಗಳ ವಾರ್ಷಿಕ ವರದಿ ಇದೆ, ಸಿಎಜಿ ವರದಿ ಇದೆ, ವಿಧಾನಮಂಡಲದ ಸಮಿತಿಗಳಿವೆ, ಪ್ರಶ್ನೋತ್ತರ ಕಲಾಪವಿದೆ. ಆದರೆ ಇವೆಲ್ಲ ಬೇರೆ ಬೇರೆ ಕಾಲಕ್ಕೆ, ಒಂದಕ್ಕೊಂದು ಕೊಂಡಿಯಿಲ್ಲದೆ ನಡೆಯುತ್ತವೆ. ಇಲಾಖೆ ವರದಿ ಬರೆದು ಕೊಡುತ್ತದೆ. ಅದನ್ನು ಓದಿ, ಹಿಂದಿನ ವರ್ಷದ ಮಾತನ್ನು ನೆನಪಿಟ್ಟುಕೊಂಡು ಮರುಪ್ರಶ್ನೆ ಕೇಳುವ ಏರ್ಪಾಡು ದುರ್ಬಲವಾಗಿದೆ. ನಮ್ಮ ಆಡಳಿತದ ಉತ್ತರದಾಯಿತ್ವ ಸೋರಿಹೋಗುತ್ತಿರುವುದು ಹೆಚ್ಚಾಗಿ ಇಲ್ಲಿಯೇ. ಅದನ್ನು ಸರಿಪಡಿಸುವುದು ಅಸಾಧ್ಯವೇನಲ್ಲ, ಅದಕ್ಕೆ ಹೊಸ ಸಂವಿಧಾನವೂ ಬೇಕಿಲ್ಲ.

ವರ್ಷಕ್ಕೊಮ್ಮೆ ಜನಪ್ರತಿನಿಧಿಗಳ ಮುಂದೆ ನಿಂತು ಲೆಕ್ಕ ಹೇಳುವ ಪದ್ಧತಿ ಈ ನೆಲಕ್ಕೆ ಹೊಸದೂ ಅಲ್ಲ. 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. ಸಂಸ್ಥಾನದ ಬೇರೆ ಬೇರೆ ಭಾಗಗಳಿಂದ ಬಂದ 144 ಪ್ರತಿನಿಧಿಗಳ ಮುಂದೆ ದಿವಾನ್ ರಂಗಾಚಾರ್ಲು ರಾಜ್ಯದ ಆದಾಯ, ವೆಚ್ಚ, ಕೈಗೊಂಡ ಕೆಲಸಗಳನ್ನು ವಿವರಿಸಿದರು. ಪ್ರತಿನಿಧಿಗಳು ತಮ್ಮ ಸೀಮೆಯ ಅಹವಾಲು ಹೇಳಿಕೊಂಡರು. ಮುಂದೆ ವರ್ಷವರ್ಷವೂ ದಸರಾ ಕಾಲದಲ್ಲಿ ಸಭೆ ಸೇರುವುದು, ದಿವಾನರು ವರದಿ ಒಪ್ಪಿಸುವುದು ರೂಢಿಯಾಯಿತು. ಆ ಪ್ರತಿನಿಧಿಗಳಿಗೆ ಬಜೆಟ್ ತಡೆಯುವ ಅಧಿಕಾರ ಇರಲಿಲ್ಲ. ಕೇಳುವ, ಹೇಳುವ ಅವಕಾಶವಷ್ಟೇ ಇತ್ತು. ಇಂದಿನ ಶಾಸಕರಿಗೆ ಬಜೆಟ್ಟನ್ನೇ ತಡೆಯುವ ಅಧಿಕಾರವಿದೆ. ಅಷ್ಟು ದೊಡ್ಡ ಅಧಿಕಾರ ಹೊಂದಿರುವ ಸದನ, ಅದರ ಒಂದಂಶವನ್ನಾದರೂ ಪ್ರತಿ ವರ್ಷ ಕ್ರಮಬದ್ಧವಾಗಿ ಬಳಸಬೇಕು.

ಅಪ್ಪಣೆ ಕೊಡುವವರು ಯಾರು?

ಸಂವಿಧಾನದ ಪ್ರಕಾರ ರಾಜ್ಯದ ಸಂಚಿತ ನಿಧಿಯಿಂದ ಒಂದು ರೂಪಾಯಿ ತೆಗೆಯಬೇಕಾದರೂ ಶಾಸನದ ಅನುಮತಿ ಬೇಕು. 202ನೇ ವಿಧಿಯಂತೆ ಸರ್ಕಾರ ವಾರ್ಷಿಕ ಹಣಕಾಸು ವಿವರಪಟ್ಟಿಯನ್ನು ಸದನದ ಮುಂದಿಡುತ್ತದೆ. ಇದನ್ನೇ ನಾವು ಬಜೆಟ್ ಎನ್ನುವುದು. 203ನೇ ವಿಧಿಯಂತೆ ಇಲಾಖಾವಾರು ಅನುದಾನ ಬೇಡಿಕೆಗಳು ವಿಧಾನಸಭೆಯ ಮುಂದೆ ಬರುತ್ತವೆ. ಸಭೆ ಅವನ್ನು ಒಪ್ಪಬಹುದು, ನಿರಾಕರಿಸಬಹುದು, ಕಡಿಮೆ ಮಾಡಬಹುದು, ಹೆಚ್ಚಿಸುವಂತಿಲ್ಲ. ಬಳಿಕ 204ನೇ ವಿಧಿಯಂತೆ ಧನವಿನಿಯೋಗ ಮಸೂದೆ ಅಂಗೀಕಾರವಾದ ಮೇಲಷ್ಟೇ ಖಜಾನೆಯ ಬಾಗಿಲು ತೆರೆಯುತ್ತದೆ. ‘ಬೇಡಿಕೆ’ ಎಂಬ ಹೆಸರೇ ಹೇಳುವಂತೆ ಇಲ್ಲಿ ಕೇಳುವುದು ಸರ್ಕಾರ, ಕೊಡುವುದು ಸದನ.

ಕಾಗದದ ಮೇಲೆ ಇಷ್ಟು ಗಟ್ಟಿಯಾಗಿರುವ ಹಕ್ಕು ಕಲಾಪದಲ್ಲಿ ಹೇಗೆ ಸವೆದುಹೋಗುತ್ತದೆ ಎಂಬುದಕ್ಕೆ ಲೋಕಸಭೆಯ ಎರಡು ದಿನಗಳನ್ನು ನೆನೆದರೆ ಸಾಕು. 2018ರ ಮಾರ್ಚ್ 14ರಂದು ಎಲ್ಲ ಸಚಿವಾಲಯಗಳ ಬೇಡಿಕೆಗಳೂ ಹಣಕಾಸು ಮಸೂದೆಯೂ ಗದ್ದಲದ ನಡುವೆ ಚರ್ಚೆಯಿಲ್ಲದೆ ಸುಮಾರು ಅರ್ಧ ಗಂಟೆಯಲ್ಲಿ ಅಂಗೀಕಾರವಾದವು. 2023ರ ಮಾರ್ಚ್ 23ರಂದು ಸುಮಾರು 45 ಲಕ್ಷ ಕೋಟಿ ರೂಪಾಯಿ ವೆಚ್ಚದ ಪ್ರಸ್ತಾವಕ್ಕೂ ಅದೇ ಗತಿ ಬಂತು. ಚರ್ಚೆಗೆ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುವ ಈ ಕ್ರಮಕ್ಕೆ ಸಂಸದೀಯ ಪರಿಭಾಷೆಯಲ್ಲಿ ‘ಗಿಲೋಟಿನ್’ ಎನ್ನುತ್ತಾರೆ. ಸಮಯ ಸಾಲದಿದ್ದಾಗ ಬಳಸಲೆಂದು ಇಟ್ಟುಕೊಂಡ ಉಪಾಯ ಅದು. ಬಹುಪಾಲು ಬೇಡಿಕೆಗಳು ಚರ್ಚೆ ಕಾಣದೆ ಅದರಡಿ ಸಾಗಿಹೋಗುವುದು ಈಗ ಮಾಮೂಲಾಗಿದೆ.

ನಮ್ಮ ರಾಜ್ಯದಲ್ಲಿ ಸದನಕ್ಕೆ ಸಮಯ ಸಿಗಲೆಂದೇ ಒಂದು ಕಾನೂನಿದೆ. 2005ರಲ್ಲಿ ಬಂದ ಆ ಅಧಿನಿಯಮದ ಪ್ರಕಾರ ವಿಧಾನಮಂಡಲ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕು. ಬಹುತೇಕ ವರ್ಷಗಳಲ್ಲಿ ಕಲಾಪ ಆ ಗಡಿ ಮುಟ್ಟಿಲ್ಲ. ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷರಾಗಿದ್ದ ಸಂವಿಧಾನ ಪರಾಮರ್ಶೆ ಆಯೋಗವು ದೊಡ್ಡ ರಾಜ್ಯಗಳ ವಿಧಾನಸಭೆಗಳು ವರ್ಷಕ್ಕೆ ಕನಿಷ್ಠ 90 ದಿನ ಸೇರಬೇಕೆಂದು 2002ರಲ್ಲೇ ಶಿಫಾರಸು ಮಾಡಿತ್ತು. ನಾವು ನಮಗೇ ಹಾಕಿಕೊಂಡ 60ನ್ನೂ ತಲುಪದೆ ಇದ್ದೇವೆ. ಸೇರಿದ ದಿನಗಳಲ್ಲೂ ಧರಣಿ, ಗದ್ದಲ, ಮುಂದೂಡಿಕೆಗೆ ಹೋಗುವ ಹೊತ್ತನ್ನು ಕಳೆದರೆ ಇಲಾಖೆಯ ಕೆಲಸವನ್ನು ತಾಳ್ಮೆಯಿಂದ ನೋಡುವುದಕ್ಕೆ ಉಳಿಯುವುದು ಅತ್ಯಲ್ಪ.

‘ಶೇ 92 ಪ್ರಗತಿ’ಯ ಒಳಗೇನಿದೆ?

ಸಮಯದಷ್ಟೇ ಮುಖ್ಯವಾದದ್ದು ಸದನದ ಕೈಗೆ ಬರುವ ಮಾಹಿತಿಯ ಗುಣ. ಬಜೆಟ್ ಪುಸ್ತಕ ತೆರೆದರೆ 2202 ಎಂಬ ಲೆಕ್ಕ ಶೀರ್ಷಿಕೆ ಕಾಣುತ್ತದೆ. ಸಾಮಾನ್ಯ ಶಿಕ್ಷಣ ಎಂದು ಅದರ ಅರ್ಥ. ಮೊದಲ ಅಂಕಿ 2 ಇದ್ದರೆ ಸಂಬಳ, ಸಾಮಗ್ರಿ, ನಿರ್ವಹಣೆಯಂಥ ರಾಜಸ್ವ ವೆಚ್ಚ; 4 ಅಥವಾ 5 ಇದ್ದರೆ ಕಟ್ಟಡ, ರಸ್ತೆ, ಅಣೆಕಟ್ಟಿನಂಥ ಬಂಡವಾಳ ವೆಚ್ಚ. ಹೀಗೆ ಕವಲೊಡೆಯುತ್ತ ಹೋಗುವ ಶೀರ್ಷಿಕೆಗಳು ಹಣ ಯಾವ ಬಾಬ್ತಿಗೆ ಹೋಗುತ್ತದೆ ಎಂದು ಕರಾರುವಾಕ್ಕಾಗಿ ಹೇಳುತ್ತವೆ. ಆ ಹಣದಿಂದ ಐದನೇ ತರಗತಿಯ ಮಗು ಪಾಠ ಓದಲು ಕಲಿಯಿತೇ ಎಂಬುದನ್ನು ಅವು ಹೇಳುವುದಿಲ್ಲ, ಹೇಳುವುದು ಅವುಗಳ ಕೆಲಸವೂ ಅಲ್ಲ. ಅದನ್ನು ಹೇಳಬೇಕಾದದ್ದು ಇಲಾಖೆಯ ವಾರ್ಷಿಕ ವರದಿ.

ಅಲ್ಲಿ ಏನಿರುತ್ತದೆ? ತಾಲ್ಲೂಕು ಅಥವಾ ಜಿಲ್ಲಾ ಮಟ್ಟದ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮದ (ಕೆಡಿಪಿ) ಪ್ರಗತಿ ಪರಿಶೀಲನಾ ಸಭೆಯ ವರದಿಗಳನ್ನು ಓದುವ ಅಭ್ಯಾಸ ಇರುವವರಿಗೆ ಇದರ ಧಾಟಿ ಗೊತ್ತು. ಗುರಿ, ಸಾಧನೆ, ಶೇಕಡಾವಾರು ಎಂದು ಮೂರು ಕಾಲಂ. ‘ಆರ್ಥಿಕ ಪ್ರಗತಿ’ ಎಂದರೆ ಬಿಡುಗಡೆಯಾದ ಹಣದಲ್ಲಿ ಎಷ್ಟು ಖರ್ಚಾಯಿತು ಎಂಬುದು. ‘ಭೌತಿಕ ಪ್ರಗತಿ’ ಎಂದರೆ ಎಷ್ಟು ಕಾಮಗಾರಿ ಮುಗಿಯಿತು ಎಂಬುದು. ಅಧಿಕಾರಿ ಎದ್ದುನಿಂತು ‘ಶೇ 92 ಪ್ರಗತಿ ಸಾಧಿಸಲಾಗಿದೆ’ ಎಂದರೆ ಸಭೆ ಸಮಾಧಾನಗೊಂಡು ಮುಂದಿನ ಇಲಾಖೆಗೆ ಹೋಗುತ್ತದೆ. ಶೇ 40 ಎಂದರೆ ತರಾಟೆ. ಹಾಗಾಗಿ ಮಾರ್ಚ್ ಬಂತೆಂದರೆ ಬಿಲ್ಲುಗಳ ಸಾಲು ಖಜಾನೆಗೆ ನುಗ್ಗುತ್ತದೆ. ಖರ್ಚು ಮಾಡಿದ್ದನ್ನೇ ಸಾಧನೆಯೆಂದು ಎಣಿಸುವ ವರದಿ, ವರ್ಷದ ಕೊನೆಗೆ ಆತುರದ ಖರ್ಚನ್ನು ತಾನೇ ಹುಟ್ಟಿಸುತ್ತದೆ.

ಕುಡಿಯುವ ನೀರಿನ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಯೋಜನೆಯ ಸ್ವಂತ ಮಾನದಂಡವೇ ಸ್ಪಷ್ಟವಾಗಿದೆ: ಗ್ರಾಮೀಣ ಮನೆಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್, ನಿಗದಿತ ಗುಣಮಟ್ಟದ ನೀರು, ನಿಯಮಿತವಾಗಿ, ದೀರ್ಘಕಾಲ ಸಿಗಬೇಕು. ಆದರೆ ಪ್ರಗತಿ ಕೋಷ್ಟಕದಲ್ಲಿ ಎಲ್ಲಕ್ಕಿಂತ ಮುಂದೆ ಬಂದು ನಿಲ್ಲುವುದು ಎಷ್ಟು ಮನೆಗೆ ನಳ ಸಂಪರ್ಕ ಕೊಡಲಾಯಿತು ಎಂಬ ಸಂಖ್ಯೆ. ಗೋಡೆಗೆ ಒತ್ತಿಕೊಂಡು ನಿಂತ ನಲ್ಲಿಯನ್ನು ಎಣಿಸುವುದು ಸುಲಭ. ಅದರಲ್ಲಿ ವಾರಕ್ಕೆ ಎಷ್ಟು ದಿನ ನೀರು ಬಂತು, ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದಾಗ ಏನಾಯಿತು, ಫ್ಲೋರೈಡ್ ಪರೀಕ್ಷೆ ಕಡೆಯ ಸಲ ಯಾವಾಗ ನಡೆಯಿತು, ಮೋಟಾರಿನ ವಿದ್ಯುತ್ ಬಿಲ್ಲನ್ನು ಪಂಚಾಯಿತಿ ಕಟ್ಟುತ್ತಿದೆಯೇ ಎಂಬುದನ್ನು ಎಣಿಸುವುದು ಕಷ್ಟ. ಬಿಂದಿಗೆ ಹಿಡಿದ ಹೆಣ್ಣುಮಗಳಿಗೆ ಬೇಕಾದ ಉತ್ತರ ಈ ಎರಡನೇ ಪಟ್ಟಿಯಲ್ಲಿದೆ. ಮೊದಲ ಪಟ್ಟಿಯಷ್ಟೇ ಸದನದ ಮುಂದೆ ಬಂದರೆ ಶಾಸಕರು ಅದನ್ನೇ ನಂಬಬೇಕಾಗುತ್ತದೆ, ಇಲ್ಲವೇ ಹೊರಗಿನಿಂದ ಕೇಳಿದ ದೂರನ್ನು ಹಿಡಿದು ಕೂಗಾಡಬೇಕಾಗುತ್ತದೆ. ಎರಡೂ ಪರಿಶೀಲನೆಯಲ್ಲ.

ಫಲಿತಾಂಶವನ್ನು ಅಳೆಯಬೇಕೆಂಬ ಅರಿವು ಸರ್ಕಾರಗಳಿಗೆ ಬಂದಿಲ್ಲವೆಂದಲ್ಲ. ಕೇಂದ್ರ ಸರ್ಕಾರ 2005–06ರಲ್ಲಿ ಫಲಿತಾಂಶ ಬಜೆಟ್ ಆರಂಭಿಸಿತು. ವಿತ್ತೀಯ ಹೊಣೆಗಾರಿಕೆಗೆ 2002ರಲ್ಲೇ ಕಾನೂನು ಮಾಡಿದ ಮೊದಲ ರಾಜ್ಯ ಕರ್ನಾಟಕ. ಅದರಂತೆ ಮಧ್ಯಮಾವಧಿ ವಿತ್ತೀಯ ಯೋಜನೆ ಪ್ರತಿ ವರ್ಷ ಸದನದ ಮುಂದೆ ಬರುತ್ತದೆ. ಯೋಜನೆಗಳ ಮೌಲ್ಯಮಾಪನಕ್ಕೆಂದೇ 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಸ್ಥಾಪನೆಯಾಗಿದೆ. ಒಂದು ಯೋಜನೆಯ ಮೌಲ್ಯಮಾಪನ ವರದಿ ಸಿದ್ಧವಾದ ಮೇಲೆ, ಅದೇ ಯೋಜನೆಗೆ ಮುಂದಿನ ವರ್ಷ ಹಣ ಕೇಳುವಾಗ ಆ ವರದಿ ಶಾಸಕರ ಮೇಜಿನ ಮೇಲೆ ಇರಬೇಕಲ್ಲವೇ? ಆ ಜೋಡಣೆಯೇ ತಪ್ಪಿಹೋಗಿದೆ.

ತಡವಾಗಿ ಬರುವ ಉತ್ತರ

ಸರ್ಕಾರ ತನ್ನ ಬಗ್ಗೆ ತಾನೇ ಬರೆದುಕೊಂಡ ವರದಿಯನ್ನು ಸರಿ–ತಪ್ಪು ನೋಡಲು ಸಂವಿಧಾನ ಒಬ್ಬ ಹೊರಗಿನ ಲೆಕ್ಕಿಗರನ್ನು ನೇಮಿಸಿದೆ. ಅವರೇ ಸಿಎಜಿ. 151ನೇ ವಿಧಿಯಂತೆ ರಾಜ್ಯದ ಲೆಕ್ಕಗಳಿಗೆ ಸಂಬಂಧಿಸಿದ ಅವರ ವರದಿ ರಾಜ್ಯಪಾಲರಿಗೆ ಹೋಗಬೇಕು, ರಾಜ್ಯಪಾಲರು ಅದನ್ನು ವಿಧಾನಮಂಡಲದ ಮುಂದೆ ಇಡಿಸಬೇಕು. ಎಷ್ಟು ದಿನದೊಳಗೆ ಎಂದು ಮಾತ್ರ ವಿಧಿಯಲ್ಲಿ ಬರೆದಿಲ್ಲ. ಆ ಸಂದಿಯಲ್ಲೇ ವರದಿಗಳು ಸಿಕ್ಕಿಕೊಳ್ಳುತ್ತವೆ. ದೆಹಲಿಯಲ್ಲಿ ಹತ್ತಕ್ಕೂ ಹೆಚ್ಚು ಸಿಎಜಿ ವರದಿಗಳು ವಿಧಾನಸಭೆಯ ಮುಂದೆ ಬರದೆ ಉಳಿದು, ವಿಷಯ ಹೈಕೋರ್ಟ್‌ವರೆಗೆ ಹೋಗಿ, 2025ರ ಫೆಬ್ರುವರಿಯಲ್ಲಿ ಸರ್ಕಾರ ಬದಲಾದ ಮೇಲೆ ಮಂಡನೆಯಾಗತೊಡಗಿದ್ದು ಇತ್ತೀಚಿನ ಉದಾಹರಣೆ.

ಮಂಡನೆಯಾದ ವರದಿ ಮುಂದೆ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಗೆ ಹೋಗುತ್ತದೆ. ಪಿಎಸಿ ಎಂದು ಎಲ್ಲರೂ ಕರೆಯುವುದು ಇದನ್ನೇ. ಬ್ರಿಟನ್‌ನಲ್ಲಿ 1861ರಲ್ಲಿ ಹುಟ್ಟಿದ ಈ ಪದ್ಧತಿ ಭಾರತಕ್ಕೆ 1921ರಲ್ಲಿ ಬಂತು. ಸಂಸತ್ತಿನ ಪಿಎಸಿಗೆ ವಿರೋಧ ಪಕ್ಷದ ಸದಸ್ಯರು ಅಧ್ಯಕ್ಷರಾಗುವ ಸಂಪ್ರದಾಯ 1967ರಿಂದ ನಡೆದುಬಂದಿದೆ. ಸಚಿವರು ಸಮಿತಿಯ ಸದಸ್ಯರಾಗುವಂತಿಲ್ಲ. ಇಲಾಖೆಯ ಕಾರ್ಯದರ್ಶಿಯನ್ನು ಎದುರು ಕೂರಿಸಿಕೊಂಡು ಸದಸ್ಯರು ಪ್ರಶ್ನೆ ಕೇಳುತ್ತಾರೆ: ಈ ಟೆಂಡರ್ ಅವಧಿಯನ್ನು ಇಳಿಸಿದ್ದೇಕೆ, ಜಮೀನು ಕೈಗೆ ಬರುವ ಮೊದಲೇ ಗುತ್ತಿಗೆದಾರರಿಗೆ ಮುಂಗಡ ಹೋದದ್ದೇಕೆ, ಬಳಕೆ ಪ್ರಮಾಣಪತ್ರ ಬರದೆ ಎರಡನೇ ಕಂತು ಬಿಡುಗಡೆಯಾದದ್ದು ಹೇಗೆ. ಇಂಥ ಪ್ರಶ್ನೆಗಳಲ್ಲಿ ಪಕ್ಷದ ವಾಸನೆ ಇರುವುದಿಲ್ಲ. ಸಮಿತಿ ಶಿಫಾರಸು ಕೊಟ್ಟ ಮೇಲೆ ಇಲಾಖೆ ‘ಕೈಗೊಂಡ ಕ್ರಮದ ವರದಿ’ ಸಲ್ಲಿಸಬೇಕು.

ಕಷ್ಟವಿರುವುದು ಕಾಲದಲ್ಲಿ. ಒಂದು ಕಾಮಗಾರಿ 2020ರಲ್ಲಿ ನಡೆಯಿತೆಂದು ಇಟ್ಟುಕೊಳ್ಳಿ. ಲೆಕ್ಕಪರಿಶೋಧಕರು ಅದನ್ನು 2022ರಲ್ಲಿ ನೋಡುತ್ತಾರೆ, ವರದಿ 2023ರಲ್ಲಿ ಮಂಡನೆಯಾಗುತ್ತದೆ, ಇಲಾಖೆಯ ವಿವರಣೆ ಬರಲು ಇನ್ನೊಂದು ವರ್ಷ, ಸಮಿತಿ ಅದನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ 2026. ಅಷ್ಟರಲ್ಲಿ ಆಗಿನ ಎಂಜಿನಿಯರ್ ನಿವೃತ್ತರಾಗಿರುತ್ತಾರೆ, ಕಾರ್ಯದರ್ಶಿ ಮೂರು ಇಲಾಖೆ ದಾಟಿರುತ್ತಾರೆ, ಸರ್ಕಾರವೂ ಬದಲಾಗಿರಬಹುದು. ‘ಆಗಿನವರು ಮಾಡಿದ್ದು’ ಎಂಬ ಉತ್ತರಕ್ಕೆ ಮುಂದೆ ಪ್ರಶ್ನೆಯೇ ಇರುವುದಿಲ್ಲ. ಕಡತದ ಮೇಲೆ ಉತ್ತರದಾಯಿತ್ವ ಇರುತ್ತದೆ, ಉತ್ತರ ಹೇಳುವ ಮನುಷ್ಯ ಇರುವುದಿಲ್ಲ.

ಸದನದಲ್ಲಿ ಸಚಿವರು ಕೊಡುವ ಮಾತಿಗೂ ಕಾವಲಿದೆ. ‘ಪರಿಶೀಲಿಸಲಾಗುವುದು’, ‘ಮಾಹಿತಿ ಸಂಗ್ರಹಿಸಿ ಒದಗಿಸಲಾಗುವುದು’ ಎಂಬ ಮಾತುಗಳನ್ನು ಭರವಸೆಯೆಂದು ಎಣಿಸಿ ಬೆನ್ನುಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಲೋಕಸಭೆಯಲ್ಲಿ ಇದು 1953ರಿಂದ ಇದೆ. ಅಲ್ಲಿ ಭರವಸೆ ಈಡೇರಿಸಲು ಮೂರು ತಿಂಗಳ ಗಡುವು. ನಮ್ಮ ವಿಧಾನಮಂಡಲದಲ್ಲೂ ಈ ಸಮಿತಿಯುಂಟು. ಯಾವ ಇಲಾಖೆಯಲ್ಲಿ ಎಷ್ಟು ಭರವಸೆ ಎಷ್ಟು ವರ್ಷದಿಂದ ಬಾಕಿ ಎಂಬ ಒಂದು ಪುಟದ ಪಟ್ಟಿಯನ್ನು ಪ್ರತಿ ಅಧಿವೇಶನದ ಮೊದಲ ದಿನ ಪ್ರಕಟಿಸಿದರೆ ಸಾಕು, ಅರ್ಧ ಕೆಲಸ ತಾನಾಗಿಯೇ ಚುರುಕಾಗುತ್ತದೆ.

ಸಮಿತಿ ಕೊಠಡಿಯ ಶಕ್ತಿ

224 ಸದಸ್ಯರ ವಿಧಾನಸಭೆ ಒಟ್ಟಾಗಿ ಕುಳಿತು ಒಂದೊಂದು ಇಲಾಖೆಯ ವರದಿಯನ್ನು ಸಾಲುಸಾಲಾಗಿ ಓದಲಾರದು. ಅದಕ್ಕೇ ಸಮಿತಿಗಳು ಬೇಕು. ಹತ್ತಿಪ್ಪತ್ತು ಜನ, ಕ್ಯಾಮೆರಾ ಇಲ್ಲದ ಕೊಠಡಿ, ಮುಂದೆ ಕಡತ, ಎದುರು ಅಧಿಕಾರಿ. ಸದನದಲ್ಲಿ ಪರಸ್ಪರ ಮುಖ ನೋಡದವರೂ ಅಲ್ಲಿ ಒಂದೇ ದೋಷದ ಬೆನ್ನು ಹತ್ತುತ್ತಾರೆ.

ಕರ್ನಾಟಕದಲ್ಲೇ ಇದಕ್ಕೆ ಸಾಕ್ಷಿಯಿದೆ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನಿನ ಒತ್ತುವರಿ ಕುರಿತು ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ 2007ರಲ್ಲಿ ನೀಡಿದ ವರದಿಗಳು ಸರ್ವೆ ನಂಬರ್ ಮಟ್ಟಕ್ಕೆ ಇಳಿದು ದಾಖಲೆ ಕೆದಕಿದವು. ಗೋಮಾಳ, ಕೆರೆ, ಗುಂಡುತೋಪುಗಳು ಕೈಬದಲಾದ ಬಗೆ ಜನರಿಗೆ ಅರ್ಥವಾದದ್ದು ಹೆಚ್ಚಾಗಿ ಆ ವರದಿಗಳಿಂದ. ಮುಂದೆ ವಿ. ಬಾಲಸುಬ್ರಮಣಿಯನ್ ನೇತೃತ್ವದ ಕಾರ್ಯಪಡೆ ಅದೇ ದಾರಿಯಲ್ಲಿ ಕೆಲಸ ಮಾಡಿ 2011ರಲ್ಲಿ ವರದಿ ಕೊಟ್ಟಿತು. ಭೂ ಕಬಳಿಕೆ ತಡೆಗೆ ಪ್ರತ್ಯೇಕ ಕಾನೂನು, ವಿಶೇಷ ನ್ಯಾಯಾಲಯ ಬೇಕೆಂಬ ಚರ್ಚೆಗೆ ಇವು ಬಲ ತುಂಬಿದವು. ಒತ್ತುವರಿ ಪ್ರಶ್ನೆ ಇನ್ನೂ ಮುಗಿದಿಲ್ಲ, ನಿಜ. ಆದರೆ ಶಾಸಕರಿಗೆ ಸಮಯ, ದಾಖಲೆ ಮತ್ತು ಅಧಿಕಾರ ಸಿಕ್ಕರೆ ಅವರು ಯಾವ ತನಿಖಾಧಿಕಾರಿಗೂ ಕಡಿಮೆಯಿಲ್ಲದಂತೆ ಕೆಲಸ ಮಾಡಬಲ್ಲರು ಎಂಬುದು ಆಗ ಸಾಬೀತಾಯಿತು.

ಇಂಥ ಸಮಿತಿ ಹಗರಣ ಬಯಲಾದ ಮೇಲಷ್ಟೇ ಹುಟ್ಟುವುದು ಸಾಲದು. ಹಣ ಕೊಡುವ ಮೊದಲೇ ಪ್ರತಿ ಇಲಾಖೆಯನ್ನು ಪ್ರತಿ ವರ್ಷ ನೋಡುವ ಸಮಿತಿ ಬೇಕು. ಸಂಸತ್ತಿನಲ್ಲಿ 1993ರಲ್ಲಿ ಇಲಾಖಾ ಸಂಬಂಧಿತ 17 ಸ್ಥಾಯಿ ಸಮಿತಿಗಳು ರಚನೆಯಾದವು, 2004ರಲ್ಲಿ ಅವು 24 ಆದವು. ಒಂದೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಬಜೆಟ್ ಮಂಡನೆಯಾದ ಮೇಲೆ ಸದನಕ್ಕೆ ಬಿಡುವು ಕೊಟ್ಟು, ಆ ಅವಧಿಯಲ್ಲಿ ಸಮಿತಿಗಳು ಬೇಡಿಕೆಗಳನ್ನು ಪರಿಶೀಲಿಸಿ ವರದಿ ಕೊಡುತ್ತವೆ. ಹಿಂದಿನ ವರ್ಷ ನಾವು ಹೇಳಿದ್ದಕ್ಕೆ ಏನು ಮಾಡಿದಿರಿ ಎಂದು ಮರುವರ್ಷ ಕೇಳುತ್ತವೆ. ನೆರೆಯ ಕೇರಳ ಇದಕ್ಕಿಂತ ಮೊದಲೇ, 1980ರಲ್ಲಿ, ವಿಷಯ ಸಮಿತಿಗಳನ್ನು ರಚಿಸಿತು. ಅಲ್ಲಿ ಸಂಬಂಧಪಟ್ಟ ಸಚಿವರೇ ಸಮಿತಿಯ ಅಧ್ಯಕ್ಷರಾಗಿರುವುದು ದೊಡ್ಡ ಕೊರತೆ. ಪರೀಕ್ಷೆ ಬರೆಯುವವರೇ ಪರೀಕ್ಷಕರೂ ಆದಂತೆ. ಹಾಗಿದ್ದರೂ ಬೇಡಿಕೆಗಳು ಮತಕ್ಕೆ ಬರುವ ಮೊದಲು ಸಮಿತಿಯಲ್ಲಿ ಚರ್ಚೆಯಾಗುತ್ತವೆ ಎಂಬುದು ಗಮನಿಸಬೇಕಾದ ಮೇಲ್ಪಂಕ್ತಿ.

ಬ್ರಿಟನ್ನಿನ ಒಂದು ಕ್ರಮ ನಮಗೆ ವಿಶೇಷವಾಗಿ ಉಪಯುಕ್ತ. ಅಲ್ಲಿ ಪ್ರತಿ ಇಲಾಖೆಯ ಅತ್ಯುನ್ನತ ಅಧಿಕಾರಿ, ಇಲಾಖೆಯ ಹಣಕ್ಕೆ ಸಂಸತ್ತಿನ ಮುಂದೆ ವೈಯಕ್ತಿಕವಾಗಿ ಹೊಣೆ. ಸಚಿವರು ದುಂದೆನಿಸುವ ಖರ್ಚಿಗೆ ಒತ್ತಾಯಿಸಿದರೆ ಅಧಿಕಾರಿ ಲಿಖಿತ ನಿರ್ದೇಶನ ಕೇಳಬಹುದು. ಸಚಿವರು ಬರೆದುಕೊಟ್ಟರೆ ಅಧಿಕಾರಿ ಪಾಲಿಸುತ್ತಾರೆ, ಆದರೆ ಆ ಪತ್ರ ಲೆಕ್ಕಪರಿಶೋಧಕರಿಗೂ ಸಂಸತ್ತಿನ ಸಮಿತಿಗೂ ಹೋಗುತ್ತದೆ. ಹೊಣೆ ಯಾರದೆಂಬ ಗೊಂದಲ ಉಳಿಯುವುದಿಲ್ಲ. ಬಾಯಿಮಾತಿನ ಆದೇಶಗಳಿಂದ ನಡೆಯುವ ನಮ್ಮ ಕಚೇರಿಗಳಲ್ಲಿ, ಮೇಲಿನವರ ಮಾತು ಕೇಳಿ ಸಹಿ ಹಾಕಿದ ಕೆಳಗಿನ ಅಧಿಕಾರಿ ಒಬ್ಬರೇ ಅಮಾನತಾಗುವ ಅನ್ಯಾಯಕ್ಕೂ ಇದರಲ್ಲಿ ಮದ್ದಿದೆ.

ಮಾಡಬಹುದಾದ ಐದು ಕೆಲಸ

ಮೊದಲನೆಯದು, ವರದಿಯ ರೂಪ. ಪ್ರತಿ ಇಲಾಖೆಯ ವಾರ್ಷಿಕ ವರದಿಯೂ ಒಂದೇ ಮಾದರಿಯಲ್ಲಿರಲಿ. ಕಳೆದ ವರ್ಷ ಏನು ಹೇಳಿದ್ದೆವು, ಎಷ್ಟು ಹಣ ಸಿಕ್ಕಿತು, ಎಷ್ಟು ಖರ್ಚಾಯಿತು, ಜನರಿಗೆ ಏನು ತಲುಪಿತು, ಯಾವುದು ಆಗಲಿಲ್ಲ, ಏಕೆ ಆಗಲಿಲ್ಲ, ಮುಂದೇನು ಎಂಬ ಏಳು ಪ್ರಶ್ನೆಗಳಿಗೆ ಸರಳ ಕನ್ನಡದಲ್ಲಿ ಉತ್ತರ ಇರಲಿ. ತಾಲ್ಲೂಕುವಾರು ಅಂಕಿಅಂಶ ಯಾರು ಬೇಕಾದರೂ ತೆಗೆದು ನೋಡುವಂತಿರಲಿ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಅರ್ಜಿ ಹಾಕುವ ಮೊದಲೇ ಮಾಹಿತಿ ಪ್ರಕಟಿಸುವುದು ಇಲಾಖೆಯ ಕರ್ತವ್ಯವೇ ಆಗಿದೆ.

ಎರಡನೆಯದು, ಕಾಲ. ಮುಂದಿನ ವರ್ಷದ ಬೇಡಿಕೆ ಚರ್ಚೆಗೆ ಬರುವ ಹದಿನೈದು ದಿನ ಮೊದಲು ಈ ವರದಿ ಶಾಸಕರ ಕೈಯಲ್ಲಿರಬೇಕು. ಬೇಡಿಕೆಯೂ ವರದಿಯೂ ಒಟ್ಟಿಗೆ ಬಂದಾಗಷ್ಟೇ ‘ಕೊಟ್ಟದ್ದು ಏನಾಯಿತು’ ಎಂಬ ಪ್ರಶ್ನೆಗೆ ತೂಕ ಬರುತ್ತದೆ. ಸಿಎಜಿ ವರದಿ ಕೈಸೇರಿದ ನಂತರ ಬರುವ ಮೊದಲ ಅಧಿವೇಶನದಲ್ಲೇ ಮಂಡನೆಯಾಗಬೇಕೆಂದು ಸದನದ ನಿಯಮದಲ್ಲಿ ಬರೆಯಬಹುದು.

ಮೂರನೆಯದು, ಪರಿಶೀಲನೆ. ಎಲ್ಲ ಇಲಾಖೆಗಳ ಬೇಡಿಕೆಗಳೂ ವಿಷಯವಾರು ಸಮಿತಿಗಳನ್ನು ದಾಟಿಯೇ ಮತಕ್ಕೆ ಬರಲಿ. ಸಮಿತಿಗೆ ಸಚಿವರಲ್ಲದವರು, ಸಾಧ್ಯವಾದಷ್ಟೂ ವಿರೋಧ ಪಕ್ಷದವರು, ಅಧ್ಯಕ್ಷರಾಗಲಿ. ಮೌಲ್ಯಮಾಪನ ಪ್ರಾಧಿಕಾರದ ವರದಿಗಳು ನೇರವಾಗಿ ಆಯಾ ಸಮಿತಿಗೆ ಹೋಗಲಿ. ಸಮಿತಿಯ ಸದಸ್ಯರನ್ನು ವರ್ಷವರ್ಷವೂ ಬದಲಾಯಿಸದೆ ಕೆಲವು ವರ್ಷ ಮುಂದುವರಿಸಿದರೆ ವಿಷಯದ ಮೇಲೆ ಹಿಡಿತ ಬರುತ್ತದೆ.

ನಾಲ್ಕನೆಯದು, ನೆರವು. ಸಾವಿರಾರು ಪುಟಗಳ ಬಜೆಟ್ ದಾಖಲೆಯನ್ನು ಒಬ್ಬ ಶಾಸಕ ತನ್ನ ಆಪ್ತ ಸಹಾಯಕನ ಬಲದಿಂದ ಅರಗಿಸಿಕೊಳ್ಳಲಾರ. ಇಲಾಖೆಯ ಹಿಂದೆ ಅಧಿಕಾರಿಗಳ ಪಡೆಯೇ ಇರುವಾಗ ಸಮಿತಿಯ ಹಿಂದೆ ಲೆಕ್ಕ ಬಲ್ಲ, ಅರ್ಥಶಾಸ್ತ್ರ ಬಲ್ಲ ನಾಲ್ಕಾರು ಸಂಶೋಧಕರಾದರೂ ಬೇಡವೇ? ನಾಲ್ಕು ಲಕ್ಷ ಕೋಟಿಯ ಬಜೆಟ್‌ನಲ್ಲಿ ಈ ಖರ್ಚು ಲೆಕ್ಕಕ್ಕೇ ಬರದಷ್ಟು ಸಣ್ಣದು.

ಐದನೆಯದು, ಹಿಂಬಾಲಿಸುವುದು. ಯಾವ ಶಿಫಾರಸು ಒಪ್ಪಿದರು, ಯಾವುದು ಒಪ್ಪಲಿಲ್ಲ, ಒಪ್ಪಿದ್ದರಲ್ಲಿ ಎಷ್ಟು ಮಾಡಿದರು ಎಂಬ ಬಾಕಿ ಪಟ್ಟಿ ಸಾರ್ವಜನಿಕವಾಗಿರಲಿ. ಒಪ್ಪದಿರುವುದು ಸರ್ಕಾರದ ಹಕ್ಕು. ಏಕೆ ಒಪ್ಪಲಿಲ್ಲ ಎಂದು ಹೇಳದಿರುವ ಹಕ್ಕು ಇರಬಾರದು.

ಎರಡು ಆಕ್ಷೇಪಗಳು

‘ಈಗಲೇ ವರದಿ ಬರೆಯುವುದರಲ್ಲಿ ಅರ್ಧ ಆಯುಷ್ಯ ಹೋಗುತ್ತಿದೆ, ಇನ್ನೆಷ್ಟು ವರದಿ?’ ಎಂದು ಅಧಿಕಾರಿಗಳು ಕೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಒಂದೇ ಅಂಕಿಯನ್ನು ಕೆಡಿಪಿಗೊಂದು ನಮೂನೆಯಲ್ಲಿ, ಕೇಂದ್ರದ ಪೋರ್ಟಲ್‌ಗೆ ಇನ್ನೊಂದರಲ್ಲಿ, ವಿಡಿಯೊ ಸಂವಾದಕ್ಕೆ ಮತ್ತೊಂದರಲ್ಲಿ ತುಂಬಿ ಕಳುಹಿಸುವ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಪಾಡು ಎಲ್ಲರಿಗೂ ಗೊತ್ತು. ಹಾಗಾಗಿ ಇಲ್ಲಿ ಕೇಳುತ್ತಿರುವುದು ಇನ್ನೂ ಹೆಚ್ಚು ವರದಿಗಳನ್ನಲ್ಲ. ಚದುರಿದ ಹತ್ತನ್ನು ಬಿಟ್ಟು, ಓದುವವರಿರುವ ಒಂದನ್ನು. ಜೊತೆಗೆ, ‘ಇದು ಆಗಲಿಲ್ಲ’ ಎಂದು ನಿಜ ಬರೆದ ಅಧಿಕಾರಿಯನ್ನು ಮೊದಲ ದಿನವೇ ಶಿಕ್ಷಿಸಿದರೆ ಮರುವರ್ಷದಿಂದ ಎಲ್ಲ ಕಾಲಂಗಳೂ ಶೇ 100 ತೋರಿಸತೊಡಗುತ್ತವೆ. ಲಂಚ ತಿಂದವರಿಗೆ ಶಿಕ್ಷೆ ಬೇರೆ ಮಾತು, ಅದು ಆಗಲೇಬೇಕು. ಪ್ರಾಮಾಣಿಕ ಸೋಲನ್ನು ಸಮಿತಿ ತಿದ್ದುವ ಕಣ್ಣಿನಿಂದ ನೋಡಬೇಕು.

ಇನ್ನೊಂದು ಆಕ್ಷೇಪ ಶಾಸಕರದ್ದು. ಸಮಿತಿಯಲ್ಲಿ ಕೂತು ಕಡತ ಓದಿದರೆ ಓಟು ಬರುವುದಿಲ್ಲ. ಮದುವೆ, ಜಾತ್ರೆ, ಗುದ್ದಲಿಪೂಜೆಗೆ ಹೋದರೆ ಬರುತ್ತದೆ ಎನ್ನುತ್ತಾರೆ. ಇದರ ಹೊಣೆ ಮತದಾರರಾದ ನಮ್ಮದೂ ಹೌದು. ಶಾಸಕರನ್ನು ಎದುರುಗೊಂಡಾಗ ನಾವು ಕೇಳುವುದು ರಸ್ತೆ, ಚರಂಡಿ, ವರ್ಗಾವಣೆ ಪತ್ರ. ನೀವು ಯಾವ ಸಮಿತಿಯಲ್ಲಿದ್ದೀರಿ, ಈ ವರ್ಷ ಅದು ಎಷ್ಟು ಸಲ ಸೇರಿತು, ಅಲ್ಲಿ ನೀವೇನು ಕೇಳಿದಿರಿ ಎಂದು ಕೇಳುವುದಿಲ್ಲ. ಪತ್ರಿಕೆಗಳೂ ಸದನದ ಗದ್ದಲಕ್ಕೆ ಮುಖಪುಟ ಕೊಟ್ಟು ಸಮಿತಿಯ ವರದಿಗೆ ಮೂಲೆ ಕೊಡುತ್ತವೆ. ಕೇಳುವವರಿಲ್ಲದ ಕೆಲಸವನ್ನು ಯಾರೂ ಹುಮ್ಮಸ್ಸಿನಿಂದ ಮಾಡುವುದಿಲ್ಲ.

ಅಭ್ಯಾಸವನ್ನು ಊರಿನಿಂದಲೇ ಶುರು ಮಾಡಲು ದಾರಿಯಿದೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ವರ್ಷಕ್ಕೊಮ್ಮೆ ಜಮಾಬಂದಿ ನಡೆಯಬೇಕು. ಹಿಂದಿನ ವರ್ಷದ ಜಮಾ–ಖರ್ಚು, ಬಿಲ್ಲು–ರಶೀದಿ, ಕಾಮಗಾರಿ ಪಟ್ಟಿಯನ್ನು ಅಲ್ಲಿ ಜನರ ಮುಂದೆ ತೆರೆದಿಡಬೇಕು, ಕಾಮಗಾರಿ ನಡೆದ ಜಾಗವನ್ನೂ ತೋರಿಸಬೇಕು. ಬಹಳ ಕಡೆ ನಾಲ್ಕು ಸಹಿಯಲ್ಲಿ ಇದು ಮುಗಿದುಹೋಗುತ್ತದೆ. ಜನ ಹೋಗಿ ಕೂತ ಕಡೆ ಮಾತ್ರ ಮುಗಿಯುವುದಿಲ್ಲ. ಚರಂಡಿಯ ಉದ್ದ ಅಳೆದು, ಕಾಮಗಾರಿಯ ಅಳತೆ ಬರೆದಿಡುವ ಎಂ.ಬಿ. ಪುಸ್ತಕದೊಂದಿಗೆ ತಾಳೆ ನೋಡುವ ಹತ್ತು ಜನರಿದ್ದರೆ ಆ ಊರಿನಲ್ಲಿ ಮುಂದಿನ ವರ್ಷದ ಚರಂಡಿ ಸರಿಯಾಗಿ ಆಗುತ್ತದೆ. ವಿಧಾನಸೌಧದ ಸಮಿತಿ ಕೊಠಡಿಯಲ್ಲಿ ನಡೆಯಬೇಕಾದದ್ದೂ ಇದೇ ಕೆಲಸ, ಅಳತೆ ಮಾತ್ರ ದೊಡ್ಡದು.

ಕರ್ನಾಟಕದ ಶಾಸಕರು ಪಕ್ಷಭೇದವಿಲ್ಲದೆ ಒಪ್ಪಬಹುದಾದ ಸುಧಾರಣೆ ಇದು. ಇಂದು ಆಳುವವರು ನಾಳೆ ಎದುರು ಸಾಲಿನಲ್ಲಿ ಕೂರುತ್ತಾರೆ. ಆಗ ಪ್ರಶ್ನೆ ಕೇಳಲು ಅವರಿಗೂ ಗಟ್ಟಿ ದಾಖಲೆ ಬೇಕಾಗುತ್ತದೆ. 60 ದಿನಗಳ ಕಾನೂನನ್ನು ಈ ವರ್ಷವೇ ಪಾಲಿಸಿ, ಅದರಲ್ಲಿ ಕೆಲವು ದಿನಗಳನ್ನು ಇಲಾಖಾ ವರದಿಗಳ ಪರಿಶೀಲನೆಗೆಂದೇ ಮೀಸಲಿಟ್ಟು, ಆ ದಿನಾಂಕಗಳನ್ನು ಬಜೆಟ್ ದಿನದಷ್ಟೇ ಮುಂಚಿತವಾಗಿ ಪ್ರಕಟಿಸಲಿ. ಶಿಕ್ಷಣ, ಆರೋಗ್ಯ, ಕುಡಿಯುವ ನೀರು ಈ ಮೂರರಿಂದ ಆರಂಭಿಸಿದರೂ ಸಾಕು. ಉಳಿದ ಇಲಾಖೆಗಳಿಗೂ ತಮ್ಮ ಸರದಿ ಬರುತ್ತದೆಂದು ಗೊತ್ತಾದ ದಿನದಿಂದ ಅಲ್ಲಿನ ಕಡತಗಳ ಬರವಣಿಗೆ ಬದಲಾಗತೊಡಗುತ್ತದೆ.